ಕುಡಿತ ಬಿಟ್ಟವರ ಕೂಟ

ಹುಬ್ಬಳ್ಳಿಯಿಂದ ದಾವಣಗೆರೆಯ ಕಡೆಗೆ ಹೋಗುವ ರೈಲುಗಾಡಿಯಲ್ಲಿ ಕುಳಿತರೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಂಬ ಮೂರು ಪೇಟೆಗಳು ಒಂದಾದ ಮೇಲೊಂದು ಬರುತ್ತವೆ. ಹಾವೇರಿ ಏಲಕ್ಕಿ ಹಾರಕ್ಕೆ ಹೆಸರಾದ ಊರು. ಬ್ಯಾಡಗಿ ಕೆಂಪು ಮೆಣಸಿನಕಾಯಿಗೆ. ರಾಣೆಬೆನ್ನೂರು ಬಿತ್ತನೆಯ ಬೀಜಕ್ಕೆ. ಈ ಮೂರರಲ್ಲಿ ಯಾವುದಾದರೊಂದು ಊರಿನಲ್ಲಿ ಒಬ್ಬ ಗೃಹಸ್ಥನಿರುವನೆಂದು ಭಾವಿಸೋಣ. ಹತ್ತು ವರ್ಷಗಳಿಂದ ಅವನಿಗೆ ಕುಡಿತದ ಚಟ. ಮೂರು ಸಲ ದೇವರ ಮುಂದೆ ಆಣೆಯಿಟ್ಟನು, ಮೂರು ಸಲವೂ ಆಣೆ ಮುರಿಯಿತು. ಮನೆಯವರು ಅವನನ್ನು ಮನೋಬಲವಿಲ್ಲದವನೆಂದು ಜರೆದರು. ಕೊನೆಗೆ ಅವನೂ ಅದನ್ನೇ ನಂಬಿದನು. ಇಂಥವನಿಗೆ ಯಾರೋ ಒಬ್ಬರು, “ಕುಡಿತ ಬಿಟ್ಟವರು ವಾರಕ್ಕೊಮ್ಮೆ ಒಂದೆಡೆ ಕೂಡುತ್ತಾರೆ, ನೀವೂ ಬಂದು ಕೂಡಿರಿ” ಎಂದು ಹೇಳಿದರು.

ಆಣೆಯಿಂದ ಆಗದ ಕೆಲಸ ನಾಲ್ಕು ಜನರ ನಡುವೆ ಕುಳಿತು ಮಾತನಾಡುವುದರಿಂದ ಆಗುವುದೆ? ಆಗುವುದಾದರೆ ಹೇಗೆ? ಇವು ನೀತಿಯ ಪ್ರಶ್ನೆಗಳಂತೆ ತೋರಿದರೂ ವಿಜ್ಞಾನದ ಪ್ರಶ್ನೆಗಳೂ ಹೌದು. ಇವುಗಳ ಉತ್ತರವನ್ನು ಅರಸುವುದೇ ಈ ಪಾಠದ ಉದ್ದೇಶ.

ಮಿದುಳಿನಲ್ಲಿ ಮದ್ಯಸಾರದ ಕೆಲಸ

ಯಾವ ಹೆಸರಿನ ಮದ್ಯವಾದರೂ ಅದರಲ್ಲಿ ಅಮಲು ತರುವ ವಸ್ತು ಒಂದೇ. ಅದು ಈಥೈಲ್ ಮದ್ಯಸಾರ. ಕುಡಿದ ಮದ್ಯಸಾರವು ಜಠರದಿಂದಲೂ ಸಣ್ಣ ಕರುಳಿನಿಂದಲೂ ರಕ್ತಕ್ಕೆ ಸೇರಿ ಮಿದುಳನ್ನು ಮುಟ್ಟುತ್ತದೆ. ಅದನ್ನು ಒಡೆಯುವ ಹೊಣೆ ಮುಖ್ಯವಾಗಿ ಯಕೃತ್ತಿನದು. ಯಕೃತ್ತಿನ ಒಂದು ಕಿಣ್ವವು ಮದ್ಯಸಾರವನ್ನು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗಿ ಮಾರ್ಪಡಿಸುತ್ತದೆ. ಇನ್ನೊಂದು ಕಿಣ್ವವು ಆ ವಿಷವನ್ನು ನಿರಪಾಯವಾದ ಅಸಿಟೇಟಾಗಿ ಬದಲಿಸುತ್ತದೆ. ಈ ಕೆಲಸ ನಿಧಾನವಾದುದು. ಸಾಧಾರಣ ಮನುಷ್ಯನ ದೇಹ ಗಂಟೆಯೊಂದಕ್ಕೆ ಸುಮಾರು 7ರಿಂದ 10 ಗ್ರಾಂ ಮದ್ಯಸಾರವನ್ನು ಮಾತ್ರ ಕರಗಿಸಬಲ್ಲುದು. ಮಜ್ಜಿಗೆ ಕುಡಿಸುವುದರಿಂದಾಗಲಿ ತಲೆಗೆ ನೀರು ಹೊಯ್ಯುವುದರಿಂದಾಗಲಿ ಈ ವೇಗ ಹೆಚ್ಚುವುದಿಲ್ಲ.

ಮಿದುಳಿನ ನರಕೋಶಗಳು ರಾಸಾಯನಿಕ ವಸ್ತುಗಳ ಮೂಲಕ ಒಂದರೊಡನೊಂದು ವ್ಯವಹರಿಸುತ್ತವೆ. ಅವುಗಳಲ್ಲಿ ಎರಡನ್ನು ಇಲ್ಲಿ ನೆನಪಿಡಬೇಕು. ಗಾಬಾ ಎಂಬುದು ನರಕೋಶಗಳನ್ನು ಶಾಂತಗೊಳಿಸುವ ವಸ್ತು. ಗ್ಲುಟಮೇಟ್ ಅವುಗಳನ್ನು ಪ್ರಚೋದಿಸುವ ವಸ್ತು. ಇವೆರಡೂ ಎತ್ತಿನಗಾಡಿಯ ಜೋಡೆತ್ತುಗಳಂತೆ ಸಮವಾಗಿ ಎಳೆದರೆ ಮಿದುಳು ನೇರವಾಗಿ ನಡೆಯುತ್ತದೆ. ಮದ್ಯಸಾರವು ಮೊದಲನೆಯದರ ಬಲವನ್ನು ಹೆಚ್ಚಿಸಿ ಎರಡನೆಯದರ ಬಲವನ್ನು ತಗ್ಗಿಸುತ್ತದೆ. ಕುಡಿದವನ ಮಾತು ತೊದಲುವುದೂ ಹೆಜ್ಜೆ ತಪ್ಪುವುದೂ ಇದರಿಂದಲೇ.

ದಿನವೂ ಕುಡಿಯುವವನ ಮಿದುಳು ಈ ಅಸಮತೆಗೆ ಹೊಂದಿಕೊಳ್ಳಲು ಯತ್ನಿಸುತ್ತದೆ. ಶಾಂತಿಕಾರಕ ಭಾಗವನ್ನು ಮಂದಗೊಳಿಸಿ ಪ್ರಚೋದಕ ಭಾಗವನ್ನು ಚುರುಕುಗೊಳಿಸುತ್ತದೆ. ಆದುದರಿಂದಲೇ ಮೊದಲಿನ ಅಮಲಿಗೆ ಈಗ ಮೊದಲಿಗಿಂತ ಹೆಚ್ಚು ಮದ್ಯ ಬೇಕಾಗುತ್ತದೆ. ಕೆಲವು ವರ್ಷಗಳ ಮೇಲೆ ಅವನು ಕುಡಿಯುವುದು ಸಂತೋಷಕ್ಕಾಗಿ ಅಲ್ಲ; ಕೈನಡುಕ ನಿಲ್ಲಲೆಂದು.

ಒಮ್ಮೆಲೇ ಬಿಡುವುದರ ಅಪಾಯ

ಮೇಲಿನ ಮಾತನ್ನು ಗ್ರಹಿಸಿದ ವಿದ್ಯಾರ್ಥಿಗೆ ಮುಂದಿನ ಮಾತು ಸುಲಭವಾಗಿ ತಿಳಿಯುವುದು. ಹೀಗೆ ಹೊಂದಿಕೊಂಡ ಮಿದುಳಿಗೆ ಮದ್ಯಸಾರ ಒಮ್ಮೆಲೇ ನಿಂತುಹೋದರೆ ಏನಾಗಬೇಕು? ಒಂದು ಎತ್ತು ಸೋತಿದೆ, ಇನ್ನೊಂದು ಮಿತಿಮೀರಿ ಎಳೆಯುತ್ತಿದೆ, ಗಾಡಿ ಉರುಳುತ್ತದೆ. ಕೊನೆಯ ಸಲ ಕುಡಿದ ಆರೆಂಟು ಗಂಟೆಗಳಲ್ಲಿ ಕೈನಡುಕ, ಬೆವರು, ವಾಕರಿಕೆ, ನಿದ್ರಾಭಂಗ ತೋರುತ್ತವೆ. ಎರಡು ದಿನಗಳೊಳಗೆ ಕೆಲವರಿಗೆ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಭ್ರಾಂತಿ ಹಿಡಿದು, ಇಲ್ಲದ ವಸ್ತುಗಳು ಕಾಣಿಸಿ, ಜ್ವರ ಏರಿ, ಪ್ರಾಣಕ್ಕೇ ಕುತ್ತು ಬರಬಹುದು.

ಹಾಗಾಗಿ ಬಹುಕಾಲದಿಂದ ದಿನವೂ ಕುಡಿಯುವವನನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವುದು ಶೌರ್ಯವಲ್ಲ. ಅದು ಪ್ರಾಣಾಪಾಯದ ಕೆಲಸ. ಬಿಡುವುದು ವೈದ್ಯರ ಕಣ್ಣೆದುರಿನಲ್ಲಿ ಆಗಬೇಕು. ವೈದ್ಯರು ಡಯಾಜೆಪಾಂ ಮುಂತಾದ ಔಷಧಿಗಳನ್ನು ಕೊಟ್ಟು, ದಿನದಿನಕ್ಕೆ ಪ್ರಮಾಣವನ್ನು ಇಳಿಸುತ್ತಾ ಬಂದು ಮಿದುಳನ್ನು ಸಮಸ್ಥಿತಿಗೆ ತರುತ್ತಾರೆ. ಕುಡಿತದಿಂದ ಕೊರತೆಯಾದ ಬಿ-1 ಜೀವಸತ್ತ್ವವನ್ನೂ ಕೊಡುತ್ತಾರೆ.

ಇನ್ನೊಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಬೇಕು. “ಕುಡುಕರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿರಿ, ಚಟ ಬಿಡುವುದು” ಎಂಬ ಜಾಹೀರಾತುಗಳನ್ನು ವಾಚಕರು ಕಂಡಿರಬಹುದು. ಡೈಸಲ್ಫಿರಾಂ ಎಂಬ ಒಂದು ಔಷಧವುಂಟು. ಅದರ ಈ ಗುಣವನ್ನು 1948ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಪ್ರಕಟಿಸಿದರು. ಅದು ಯಕೃತ್ತಿನ ಎರಡನೆಯ ಕಿಣ್ವವನ್ನು ತಡೆಯುತ್ತದೆ. ಅದನ್ನು ಸೇವಿಸಿದವನು ಕುಡಿದರೆ ಅಸಿಟಾಲ್ಡಿಹೈಡ್ ರಕ್ತದಲ್ಲಿ ಶೇಖರವಾಗಿ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ತಿಳಿದು ಒಪ್ಪಿ ಸೇವಿಸುವವನಿಗೆ ಇದು ಕಾವಲು. ತಿಳಿಯದೆ ನುಂಗಿದವನಿಗೆ ಇದು ಮೃತ್ಯುವಾಗಬಲ್ಲುದು. ಮನೆಯವರ ಕಷ್ಟ ಎಷ್ಟೇ ದೊಡ್ಡದಾಗಿರಲಿ, ಈ ದಾರಿಯನ್ನು ಹಿಡಿಯಬಾರದು.

ದೇಹ ಬಿಟ್ಟರೂ ನೆನಪು ಬಿಡದು

ಔಷಧದ ನೆರವಿನಿಂದ ಒಂದು ವಾರದಲ್ಲಿ ನಡುಕ ನಿಲ್ಲುವುದು. ಹಾಗಾದರೆ ಚಟ ತೀರಿತೆ? ತೀರಲಿಲ್ಲ. ರಷ್ಯದ ವಿಜ್ಞಾನಿ ಪಾವ್ಲೋವ್ ಮಾಡಿದ ಪ್ರಯೋಗಗಳನ್ನು ವಿದ್ಯಾರ್ಥಿಗಳು ಓದಿರುತ್ತಾರೆ. ಆಹಾರ ಕೊಡುವ ಮುನ್ನ ಪ್ರತಿ ಸಲವೂ ಒಂದು ಸದ್ದನ್ನು ಕೇಳಿಸಿದರೆ, ಕೆಲವು ದಿನಗಳ ಮೇಲೆ ಬರಿಯ ಸದ್ದಿಗೇ ನಾಯಿಯ ಬಾಯಲ್ಲಿ ಜೊಲ್ಲು ಸುರಿಯುತ್ತದೆ. ಕುಡಿಯುವವನಿಗೂ ಇಂಥ ಸದ್ದುಗಳಿರುತ್ತವೆ. ಮೆಣಸಿನಕಾಯಿ ಮಾರಿ ಕೈಗೆ ಹಣ ಬಂದ ಸಂಜೆ. ಬಸ್ ನಿಲ್ದಾಣದ ಬದಿಯ ಅಂಗಡಿಯ ದೀಪ. ಹಳೆಯ ಗೆಳೆಯನ ಕೂಗು. ಇವುಗಳನ್ನು ಕಂಡಾಗ, ಕೇಳಿದಾಗ, ಮಿದುಳಿನ ಆಳದಲ್ಲಿ ಡೋಪಮಿನ್ ಎಂಬ ವಸ್ತು ಸ್ರವಿಸಿ ತೀವ್ರವಾದ ಬಯಕೆಯನ್ನು ಎಬ್ಬಿಸುತ್ತದೆ. ತಿಂಗಳುಗಳು ಕಳೆದರೂ ಈ ಕಲಿಕೆ ಪೂರ್ತಿಯಾಗಿ ಅಳಿಯುವುದಿಲ್ಲ. ಒಂಟಿಯಾಗಿ ಮಾಡಿದ ಆಣೆ ಮುರಿಯುವುದು ಇಲ್ಲಿಯೇ. ಆಣೆ ಮಾಡಿದ್ದು ದೇವಸ್ಥಾನದ ಬೆಳಗಿನಲ್ಲಿ. ಬಯಕೆ ಬಂದದ್ದು ಪೇಟೆಯ ಸಂಜೆಯಲ್ಲಿ.

ನಮ್ಮ ನಾಡಿನ ಇತಿಹಾಸವೂ ಇದನ್ನು ತೋರಿಸುತ್ತದೆ. ಹಾವೇರಿ ಜಿಲ್ಲೆ ರಚನೆಯಾದುದು 1997ರಲ್ಲಿ. ಅದಕ್ಕೆ ಮೊದಲು ಈ ಮೂರು ಊರುಗಳು ಧಾರವಾಡ ಜಿಲ್ಲೆಗೆ ಸೇರಿದ್ದವು. 1956ರವರೆಗೆ ಆ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದು, 1949ರ ಮುಂಬಯಿ ಪಾನನಿಷೇಧ ಶಾಸನಕ್ಕೆ ಒಳಪಟ್ಟಿತ್ತು. ಮುಂದೆ ನಿಷೇಧ ಸಡಿಲವಾಯಿತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿಯ ಮಾರಾಟ ನಿಂತಿತು. ಇತರ ಮದ್ಯಗಳ ಮಾರಾಟ ಉಳಿಯಿತು. ಕಾನೂನು ಒಂದು ಬಗೆಯ ಬಾಟಲಿಯನ್ನು ಅಂಗಡಿಯಿಂದ ತೆಗೆಯಬಲ್ಲುದು. ಮಿದುಳಿನಲ್ಲಿ ಬೇರೂರಿದ ಕಲಿಕೆಯನ್ನು ಎದುರಿಸಲು ಬೇರೆ ಸಾಧನವೇ ಬೇಕು.

ಕೂಟದ ಹುಟ್ಟು

1935ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಷೇರು ವ್ಯಾಪಾರಿ ಬಿಲ್ ವಿಲ್ಸನ್ ಎಂಬುವನು ಅಮೆರಿಕದ ಓಹಾಯೊ ಪ್ರಾಂತದ ಆಕ್ರನ್ ಎಂಬ ಊರಿಗೆ ವ್ಯವಹಾರಕ್ಕಾಗಿ ಬಂದನು. ಅವನು ಕುಡಿತ ಬಿಟ್ಟು ಐದಾರು ತಿಂಗಳುಗಳಾಗಿದ್ದವು. ವ್ಯವಹಾರ ಕೆಟ್ಟಿತು, ಹೋಟೆಲಿನ ಪಡಸಾಲೆಯಲ್ಲಿ ನಿಂತಾಗ ಹಳೆಯ ಬಯಕೆ ಎದ್ದಿತು. ಆಗ ಅವನಿಗೆ ಒಂದು ಉಪಾಯ ಹೊಳೆಯಿತು: ತನ್ನಂತೆಯೇ ಕುಡಿತದಲ್ಲಿ ಸಿಕ್ಕಿಬಿದ್ದ ಇನ್ನೊಬ್ಬನೊಡನೆ ಮಾತನಾಡಬೇಕು. ಊರಿನ ಚರ್ಚುಗಳಿಗೆ ದೂರವಾಣಿ ಮಾಡಿ ವಿಚಾರಿಸಿದಾಗ ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯನ ಭೇಟಿ ಒದಗಿತು. ಕಾಲುಗಂಟೆ ಮಾತ್ರ ಕೂಡುವೆನೆಂದು ಬಂದ ಆ ವೈದ್ಯನು ಗಂಟೆಗಟ್ಟಲೆ ಕುಳಿತನು. ಅವನ ಕೊನೆಯ ಕುಡಿತ 1935ರ ಜೂನ್ 10ರಂದು. ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಸಂಸ್ಥೆ ಅದನ್ನೇ ತನ್ನ ಜನ್ಮದಿನವೆಂದು ಎಣಿಸುತ್ತದೆ. ಹೆಸರು ಹೊರಗೆಡಹದ ಮದ್ಯವ್ಯಸನಿಗಳ ಕೂಟವೆಂದು ಆ ಹೆಸರಿನ ಭಾವ. 1957ರಲ್ಲಿ ಅದು ಭಾರತದಲ್ಲಿ ಕಾಲೂರಿತು.

ಈ ಕಥೆಯ ಸಾರವನ್ನು ಗಮನಿಸಬೇಕು. ವಿಲ್ಸನ್ ದೂರವಾಣಿ ಮಾಡಿದ್ದು ಇನ್ನೊಬ್ಬನನ್ನು ಉದ್ಧರಿಸುವ ಹೆಮ್ಮೆಯಿಂದಲ್ಲ. ತಾನು ಆ ಸಂಜೆ ಕುಡಿಯದೆ ಉಳಿಯುವುದಕ್ಕಾಗಿ. ನೆರವು ಕೊಟ್ಟವನಿಗೇ ಮೊದಲು ನೆರವಾಯಿತು.

ಕನ್ನಡ ನಾಡಿನಲ್ಲಿ ಇದೇ ತತ್ತ್ವ ಬೇರೆ ರೂಪಗಳಲ್ಲಿಯೂ ಕಂಡುಬರುತ್ತದೆ. ಇಲಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1970ರ ದಶಕದಿಂದ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, ಕಾಳು ಕಾಸುಗಳಿಗೆ ಬದಲಾಗಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. 2018ರಲ್ಲಿ ಲಿಂಗೈಕ್ಯರಾದ ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. 1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯೂ ಅದರ ಜೊತೆಗಾರ ಸಂಸ್ಥೆಯಾದ ಜನಜಾಗೃತಿ ವೇದಿಕೆಯೂ ರಾಜ್ಯದ ಊರೂರುಗಳಲ್ಲಿ ಸಾವಿರಕ್ಕೂ ಮೀರಿ ಮದ್ಯವರ್ಜನ ಶಿಬಿರಗಳನ್ನು ನಡೆಸಿವೆ. ಶಿಬಿರ ಸುಮಾರು ಎಂಟು ದಿನಗಳದು. ಅದು ಮುಗಿದ ಮೇಲೆ ಶಿಬಿರಾರ್ಥಿಗಳೇ ಸೇರಿ ‘ನವಜೀವನ ಸಮಿತಿ’ಯನ್ನು ಕಟ್ಟಿಕೊಂಡು ಸಭೆ ಕೂಡುತ್ತಾರೆ. ಶಿಬಿರವು ದೇಹವನ್ನು ಬಿಡಿಸಲು, ಸಮಿತಿಯು ಆ ಬಿಡುಗಡೆಯನ್ನು ಉಳಿಸಲು.

ಸಭೆ ನಡೆಯುವ ಬಗೆ

ಸಭೆಗೆ ಬೇಕಾದುದು ಒಂದು ಕೋಣೆ, ಕೆಲವು ಕುರ್ಚಿಗಳು ಅಥವಾ ಒಂದು ಜಮಖಾನೆ, ಮತ್ತು ಚಹಾ. ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಯಲ್ಲಿ ಪ್ರವೇಶಧನವಿಲ್ಲ. ಜಾತಿ, ಮತ, ಉದ್ಯೋಗಗಳನ್ನು ಕೇಳುವುದಿಲ್ಲ. ಕುಡಿತವನ್ನು ಬಿಡಬೇಕೆಂಬ ಇಚ್ಛೆಯೊಂದೇ ಸದಸ್ಯತ್ವದ ಅರ್ಹತೆ. ಒಬ್ಬೊಬ್ಬರೂ ತಮ್ಮ ಹೆಸರಿನ ಒಂದು ಭಾಗವನ್ನಷ್ಟೇ ಹೇಳಿ, ತಾವು ಮದ್ಯವ್ಯಸನಿಯೆಂದು ಒಪ್ಪಿ, ಹಿಂದೆ ಏನಾಗಿತ್ತು, ಏನು ಬದಲಾಯಿತು, ಈಗ ಹೇಗಿರುವೆವು ಎಂಬುದನ್ನು ಹೇಳುತ್ತಾರೆ. ನಡುವೆ ಬಾಯಿ ಹಾಕುವುದಿಲ್ಲ, ಉಪದೇಶ ಮಾಡುವುದಿಲ್ಲ. ಮಾತನಾಡಲು ಮನಸ್ಸಿಲ್ಲದವನು ಸುಮ್ಮನೆ ಕೇಳುತ್ತಾ ಕೂಡಬಹುದು. ಕೇಳಿದುದನ್ನು ಹೊರಗೆ ಆಡಬಾರದೆಂಬುದು ನಿಯಮ. ಜನ್ಮವಿಡೀ ಬಿಡುವೆನೆಂಬ ಆಣೆಯನ್ನು ಅಲ್ಲಿ ಕೇಳುವುದಿಲ್ಲ. ಈ 24 ಗಂಟೆಗಳ ಮಟ್ಟಿಗೆ ಕುಡಿಯದಿರುವುದಷ್ಟೇ ಗುರಿ. ಹಳೆಯ ಸದಸ್ಯನೊಬ್ಬನು ಹೊಸಬನಿಗೆ ಜೊತೆಗಾರನಾಗಿ, ಬಯಕೆ ಎದ್ದ ಹೊತ್ತಿನಲ್ಲಿ ಫೋನಿನಲ್ಲಿ ಸಿಗುತ್ತಾನೆ.

ಕೆಲವು ಸಭೆಗಳು ವ್ಯಸನಿಗಳಿಗೆ ಮಾತ್ರ ಮೀಸಲು. ಕೆಲವಕ್ಕೆ ಮನೆಯವರೂ ವಿದ್ಯಾರ್ಥಿಗಳೂ ಬರಬಹುದು. ಮನೆಯವರಿಗಾಗಿ 1951ರಲ್ಲಿ ‘ಅಲ್-ಅನಾನ್’ ಎಂಬ ಬೇರೆ ಕೂಟವೂ, ಹದಿಹರೆಯದ ಮಕ್ಕಳಿಗಾಗಿ 1957ರಲ್ಲಿ ‘ಅಲಾಟೀನ್’ ಎಂಬುದೂ ಹುಟ್ಟಿದವು.

ಪಾವ್ಲೋವನ ಪಾಠವನ್ನು ನೆನೆದರೆ ಇವೆಲ್ಲದರ ಅರ್ಥ ತಿಳಿಯುವುದು. ಹಳೆಯ ಸಂಜೆಯ ಜಾಗದಲ್ಲಿ ಹೊಸ ಸಂಜೆ. ಹಳೆಯ ಗೆಳೆಯರ ಜಾಗದಲ್ಲಿ ಕುಡಿಯದ ಗೆಳೆಯರು. ಹೊಸ ಕಲಿಕೆಯು ಹಳೆಯದನ್ನು ಅಳಿಸದಿದ್ದರೂ ಅದರ ಮೇಲೆ ಕುಳಿತು ಅದನ್ನು ಅಡಗಿಸುತ್ತದೆ. ತನ್ನಂತೆಯೇ ಇದ್ದವನೊಬ್ಬನು ಎದುರಿಗೆ ಸ್ವಸ್ಥನಾಗಿ ಕುಳಿತಿರುವುದನ್ನು ಕಂಡಾಗ, ‘ನನಗೂ ಸಾಧ್ಯ’ ಎಂಬ ನಂಬಿಕೆ ಹುಟ್ಟುತ್ತದೆ.

ಪ್ರಯೋಜನವುಂಟೆಂದು ತಿಳಿಯುವುದು ಹೇಗೆ?

ಇಲ್ಲಿ ವಿಜ್ಞಾನದ ವಿದ್ಯಾರ್ಥಿ ಒಂದು ಆಕ್ಷೇಪವನ್ನು ಎತ್ತಬೇಕು. ಸಭೆಗೆ ಹೋದವರಲ್ಲಿ ಹಲವರು ಕುಡಿತ ಬಿಟ್ಟರೆಂದಮಾತ್ರಕ್ಕೆ ಸಭೆಯೇ ಕಾರಣವೆಂದು ಹೇಳಬಹುದೆ? ಬಿಡುವ ಛಲವುಳ್ಳವರೇ ಸಭೆಗೆ ಹೋಗಿರಬಹುದಲ್ಲ?

ರಾಣೆಬೆನ್ನೂರಿನ ಬೀಜದ ಉದಾಹರಣೆಯಿಂದ ಇದನ್ನು ತಿಳಿಯೋಣ. ಹೊಸ ತಳಿಯ ಬೀಜವನ್ನು ಕಪ್ಪು ಮಣ್ಣಿನ, ನೀರಾವರಿಯ ಹೊಲದಲ್ಲಿಯೂ ಹಳೆಯ ತಳಿಯನ್ನು ಕಲ್ಲುನೆಲದಲ್ಲಿಯೂ ಬಿತ್ತಿ, “ನೋಡಿರಿ, ಹೊಸ ಬೀಜದ ಫಸಲು ಹೆಚ್ಚು” ಎಂದರೆ ಯಾವ ರೈತನೂ ಒಪ್ಪುವುದಿಲ್ಲ. ಹೆಚ್ಚು ಬೆಳೆದುದು ಬೀಜದಿಂದಲೋ ಮಣ್ಣಿನಿಂದಲೋ ಯಾರು ಬಲ್ಲರು? ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿದ್ದ ಆರ್. ಎ. ಫಿಷರ್ ಎಂಬ ವಿಜ್ಞಾನಿಯು 1920ರ ದಶಕದಲ್ಲಿ ಇದಕ್ಕೆ ಪರಿಹಾರ ಹೇಳಿದನು: ಹೊಲವನ್ನು ಸಣ್ಣ ಮಡಿಗಳಾಗಿ ಮಾಡಿ, ಯಾವ ಮಡಿಗೆ ಯಾವ ಬೀಜವೆಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಬೇಕು. ಆಗ ಮಣ್ಣಿನ ಗುಣದೋಷಗಳು ಎರಡೂ ಕಡೆ ಸಮವಾಗಿ ಹಂಚಿಹೋಗುತ್ತವೆ. ಪ್ರಯೋಗಗಳ ರಚನೆಯ ಮೇಲೆ ಅವನು ಬರೆದ ಗ್ರಂಥ ಪ್ರಕಟವಾದುದು 1935ರಲ್ಲಿ. ಆಕ್ರನ್ನಿನ ಭೇಟಿಯ ವರ್ಷವೂ ಅದೇ.

ಎರಡೂ ಮುಂದೆ ಒಂದೆಡೆ ಕೂಡಿದವು. ರೋಗಿಗಳನ್ನು ಇದೇ ರೀತಿ ಎರಡು ಗುಂಪುಗಳಾಗಿ ಹಂಚಿ, ಒಂದಕ್ಕೆ ಕೂಟದ ಕಡೆಗೆ ಕ್ರಮವಾಗಿ ಕರೆದೊಯ್ಯುವ ಚಿಕಿತ್ಸೆಯನ್ನೂ ಇನ್ನೊಂದಕ್ಕೆ ಬೇರೆ ಮನಶ್ಶಾಸ್ತ್ರೀಯ ಚಿಕಿತ್ಸೆಯನ್ನೂ ಕೊಟ್ಟು ಪರೀಕ್ಷಿಸಲಾಯಿತು. 2020ರಲ್ಲಿ ಕಾಕ್ರೇನ್ ಸಂಸ್ಥೆಯು 27 ಅಧ್ಯಯನಗಳನ್ನೂ ಅವುಗಳಲ್ಲಿ ಪಾಲ್ಗೊಂಡ 10,565 ಜನರ ವಿವರಗಳನ್ನೂ ಪರಿಶೀಲಿಸಿ ವರದಿ ಮಾಡಿತು. ಒಂದು ವರ್ಷದ ಮೇಲೆ ಪೂರ್ಣ ಪಾನಮುಕ್ತರಾಗಿ ಉಳಿದವರು, ಕೂಟದ ಗುಂಪಿನಲ್ಲಿ ನೂರಕ್ಕೆ 42. ಇತರ ಚಿಕಿತ್ಸೆಗಳ ಗುಂಪಿನಲ್ಲಿ ನೂರಕ್ಕೆ 35.

ಈ ಅಂಕಿಗಳನ್ನು ಸರಿಯಾಗಿ ಓದಬೇಕು. ಮೊದಲನೆಯದಾಗಿ, ಹೋಲಿಕೆ ಮಾಡಿದುದು ಚಿಕಿತ್ಸೆಯೇ ಇಲ್ಲದವರೊಡನೆ ಅಲ್ಲ, ಒಳ್ಳೆಯ ಚಿಕಿತ್ಸೆ ಪಡೆದವರೊಡನೆ. ಆದುದರಿಂದ ನೂರಕ್ಕೆ 7ರ ಅಂತರ ಸಣ್ಣದಲ್ಲ. ಎರಡನೆಯದಾಗಿ, ಕೂಟದ ಗುಂಪಿನಲ್ಲಿಯೂ 58 ಜನ ಒಮ್ಮೆಯಾದರೂ ಮತ್ತೆ ಕುಡಿದಿದ್ದರು. ಮತ್ತೆ ಕುಡಿದವನು ಸೋತುಹೋದವನಲ್ಲ; ಮಧುಮೇಹದ ರೋಗಿಗೆ ಸಕ್ಕರೆ ಮತ್ತೆ ಏರಿದಂತೆ, ಅವನಿಗೆ ಮತ್ತೆ ಆರೈಕೆ ಬೇಕಾಗಿದೆ, ಅಷ್ಟೆ. ಮೂರನೆಯದಾಗಿ, ಈ ಪರೀಕ್ಷೆಗಳ ಬಹುಪಾಲು ನಡೆದುದು ಅಮೆರಿಕದಲ್ಲಿ. ಅಲ್ಲಿಯ ಬೀಜ ನಮ್ಮ ಮಣ್ಣಿನಲ್ಲಿ ಹೇಗೆ ಬೆಳೆಯುವುದೆಂಬುದನ್ನು ಇಲ್ಲಿಯೂ ಬಿತ್ತಿ ನೋಡುವ ಕೆಲಸ ಇಂದಿನ ವಿದ್ಯಾರ್ಥಿಗಳಿಗೆ ಕಾದಿದೆ.

ಮೂರು ಊರುಗಳಲ್ಲಿ ದಾರಿ

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು 2.9 ಕೋಟಿ ಜನರು ಮದ್ಯಕ್ಕೆ ಅಧೀನರು. ಅಂಥವರಲ್ಲಿ ಯಾವುದಾದರೊಂದು ಚಿಕಿತ್ಸೆ ದೊರೆತಿತ್ತೆಂದು ಹೇಳಿದವರು 38ರಲ್ಲಿ ಒಬ್ಬರು. ಉಳಿದ 37 ಜನರನ್ನು ತಡೆಯುವುದರಲ್ಲಿ ದೂರ, ಹಣಗಳ ಪಾಲಿನಷ್ಟೇ ನಾಚಿಕೆಯ ಪಾಲೂ ಉಂಟು. ಸಣ್ಣ ಪೇಟೆಯಲ್ಲಿ ಎಲ್ಲರಿಗೂ ಎಲ್ಲರ ಗುರುತು. ಬ್ಯಾಡಗಿಯ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು ಅಲ್ಲಿಯ ಸಭೆಗೆ ಹೋಗಲು ಹಿಂಜರಿದರೆ ಆಶ್ಚರ್ಯವಿಲ್ಲ. ಅಂಥವನು ನೆರೆಯ ಊರಿನ ಸಭೆಗೆ ಹೋಗಬಹುದು. ಮೂರು ಊರುಗಳೂ ಒಂದೇ ರೈಲುಹಾದಿಯಲ್ಲಿರುವುದು ಇಲ್ಲಿ ಅನುಕೂಲವೇ. ಅದೂ ಆಗದವರಿಗೆ ಫೋನಿನ ಪರದೆಯ ಮೇಲೆ ಕೂಡುವ ಸಭೆಗಳೂ ಇವೆ.

ಹುಡುಕುವ ಕ್ರಮ ಹೀಗೆ. ಮೊದಲ ಹೆಜ್ಜೆ ದವಾಖಾನೆಗೆ. ಹಾವೇರಿಯಲ್ಲಿ ಜಿಲ್ಲಾ ಆಸ್ಪತ್ರೆಯೂ ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ತಾಲೂಕು ಆಸ್ಪತ್ರೆಗಳೂ ಇವೆ. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಂತೆ ಮನೋವೈದ್ಯರು ಗೊತ್ತಾದ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೆ ಬರುತ್ತಾರೆ. ಯಾವ ಮಂಗಳವಾರವೆಂದು ಅಲ್ಲಿಯೇ ಕೇಳಿ ಗುರುತು ಹಾಕಿಕೊಳ್ಳಬೇಕು. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯೂ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಇವೆ. ಎರಡನೆಯ ಹೆಜ್ಜೆ ಫೋನು. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ನ ಸಂಖ್ಯೆ 14416, ಹಗಲಿರುಳೂ ಖರ್ಚಿಲ್ಲದೆ ಕನ್ನಡದಲ್ಲಿ ಮಾತನಾಡಬಹುದು. ವ್ಯಸನಗಳಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಮೂರನೆಯ ಹೆಜ್ಜೆ ಕೂಟ. ಹತ್ತಿರದ ಸಭೆಯ ಸ್ಥಳ, ದಿನ, ಹೊತ್ತುಗಳನ್ನು ಮನೋವೈದ್ಯರಲ್ಲಿಯೂ, ಗ್ರಾಮಾಭಿವೃದ್ಧಿ ಯೋಜನೆಯ ತಾಲೂಕು ಕಚೇರಿಯಲ್ಲಿಯೂ ವಿಚಾರಿಸಬೇಕು. ಸಭೆಯ ಸ್ಥಳ ಬದಲಾಗುವುದುಂಟು. ಹೊರಡುವ ಮುನ್ನ ಫೋನು ಮಾಡಿ ಖಚಿತಪಡಿಸಿಕೊಳ್ಳುವುದು ಲೇಸು. ಒಂದು ಸಭೆ ಮನಸ್ಸಿಗೆ ಹಿಡಿಸದಿದ್ದರೆ ಕೈಬಿಡದೆ ಇನ್ನೂ ಕೆಲವು ಸಭೆಗಳನ್ನು ನೋಡಬೇಕು. ದೇವರ ಮಾತು ಬರುವ ಸಭೆ ಒಗ್ಗದವರು ಆಸ್ಪತ್ರೆಯ ಗುಂಪು ಚಿಕಿತ್ಸೆಯನ್ನು ಆರಿಸಿಕೊಳ್ಳಬಹುದು. ಕೂಟವು ಔಷಧಕ್ಕೆ ಬದಲಿಯಲ್ಲ. ವೈದ್ಯರು ಕೊಟ್ಟ ಔಷಧಿಯನ್ನು ಕೂಟದಲ್ಲಿ ಯಾರೋ ಹೇಳಿದರೆಂದು ನಿಲ್ಲಿಸಬಾರದು.

ವಿದ್ಯಾರ್ಥಿಯ ಪಾಲು

ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಕೆಲವರ ಮನೆಗಳಲ್ಲಿಯೇ ಈ ಕಷ್ಟವಿರಬಹುದು. ಅವರಿಗೆ ಮೂರು ಮಾತುಗಳನ್ನು ಹೇಳಬಯಸುತ್ತೇವೆ. ತಂದೆಯ ಕುಡಿತಕ್ಕೆ ಮಕ್ಕಳು ಕಾರಣರಲ್ಲ; ಅದನ್ನು ಒಬ್ಬರೇ ನಿಲ್ಲಿಸಬೇಕೆಂಬ ಹೊಣೆಯೂ ಅವರದಲ್ಲ. ಅವಳಿ ಮಕ್ಕಳ ಅಧ್ಯಯನಗಳು ಈ ಚಟದ ಪ್ರವೃತ್ತಿಯಲ್ಲಿ ಸುಮಾರು ಅರ್ಧದಷ್ಟು ಪಾಲು ಅನುವಂಶೀಯವೆಂದು ತೋರಿಸಿವೆ. ಅಂದರೆ ಇಂಥ ಮನೆಯ ಮಗನು ಕುಡಿತದ ರುಚಿ ನೋಡುವುದರಲ್ಲಿ ಇತರರಿಗಿಂತ ಹೆಚ್ಚು ಅಪಾಯವುಂಟು, ಆದರೆ ಚಟ ಅವನಿಗೆ ಹಣೆಬರಹವಲ್ಲ. ಮೂರನೆಯದು, ಮಾತನಾಡಲು ಹೊತ್ತನ್ನು ಆರಿಸಬೇಕು. ಅಮಲಿನ ರಾತ್ರಿಯಲ್ಲಿ ವಾದಿಸಿ ಫಲವಿಲ್ಲ. ಬೆಳಗಿನ ಹೊತ್ತು, ಮನಸ್ಸು ತಿಳಿಯಾಗಿರುವಾಗ, ಜರೆಯದೆ, “ಅಪ್ಪಾ, ಮಂಗಳವಾರ ದವಾಖಾನಿಗೆ ಹೋಗೂಣು ಬಾ, ನಾನೂ ಸಂಗಡ ಬರ್ತೀನಿ” ಎಂದು ಹೇಳಬೇಕು. ಮನೆಯಲ್ಲಿ ಹೊಡೆತ ಬಡಿತಗಳಿದ್ದರೆ ಮಾತಿಗಿಂತ ಮೊದಲು ತಾಯಿಯೂ ಮಕ್ಕಳೂ ಸುರಕ್ಷಿತವಾದ ಕಡೆಗೆ ಹೋಗಿ, ನಂಬುಗೆಯ ಹಿರಿಯರಿಗೋ ಶಿಕ್ಷಕರಿಗೋ ತಿಳಿಸಬೇಕು.

ನಮ್ಮ ಗೃಹಸ್ಥನನ್ನು ಪಾಠದ ಆರಂಭದಲ್ಲಿ ಬಿಟ್ಟುಬಂದೆವು. ಅವನ ಆಣೆ ಮುರಿದುದಕ್ಕೆ ಕಾರಣ ಅವನ ದುರ್ಗುಣವಲ್ಲ; ಹೊಂದಿಕೊಂಡು ಬದಲಾದ ಮಿದುಳು ಮತ್ತು ಬೇರೂರಿದ ಕಲಿಕೆ. ಮೊದಲನೆಯದಕ್ಕೆ ವೈದ್ಯರ ಔಷಧವುಂಟು. ಎರಡನೆಯದಕ್ಕೆ ಹೊಸ ಕಲಿಕೆ ಬೇಕು. ಅದು ಒಂದು ಸಂಜೆಯಲ್ಲಿ ಆಗುವಂಥದಲ್ಲ, ಒಬ್ಬನಿಂದ ಆಗುವಂಥದೂ ಅಲ್ಲ. ಜಮಖಾನೆಯ ಮೇಲೆ ಅವನಿಗಾಗಿ ಒಂದು ಜಾಗವಿದೆ. ಅಲ್ಲಿಯವರೆಗೆ ಅವನ ಜೊತೆಯಲ್ಲಿ ನಡೆದುಹೋಗುವವರು ಬೇಕು.

ಅಭ್ಯಾಸ

1. ದಿನವೂ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದೇಕೆ? ಗಾಬಾ, ಗ್ಲುಟಮೇಟ್‌ಗಳ ನೆರವಿನಿಂದ ವಿವರಿಸಿರಿ.
2. ಡೈಸಲ್ಫಿರಾಂ ಔಷಧವನ್ನು ತಿಳಿಯದಂತೆ ಕೊಡುವುದು ಏಕೆ ಅಪಾಯಕರ?
3. ಸಭೆಗೆ ತಾವಾಗಿಯೇ ಬಂದವರನ್ನು ಬಾರದವರೊಡನೆ ಹೋಲಿಸಿದರೆ ಯಾವ ತಪ್ಪು ನುಸುಳುವುದು? ಫಿಷರನ ಕ್ರಮವು ಅದನ್ನು ಹೇಗೆ ನಿವಾರಿಸುವುದು?
4. ನಿಮ್ಮ ತಾಲೂಕಿನ ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುವರೆಂಬುದನ್ನು ವಿಚಾರಿಸಿ, ಶಾಲೆಯ ಫಲಕದ ಮೇಲೆ ಬರೆಯಿರಿ.